ಎರಡು ಕೈಯ ಫೋಕಸ್

"ಕೆಳಗ ಇಡ್ರಿ ಅದನ್ನ!"

ಹೊಸ್ತಿಲಲ್ಲೇ ನಿಂತು ನಾಗರತ್ನಾ ಕೂಗಿದ ಕೂಗಿಗೆ ಪಡಸಾಲೆಯಲ್ಲಿದ್ದ ಯುವಕ ಬೆಚ್ಚಿಬಿದ್ದ. ಕೈಯಲ್ಲಿದ್ದ ದಪ್ಪ ಲೆನ್ಸು ಜಾರಿಯೇಬಿಟ್ಟಿತು ಅನ್ನುವಷ್ಟರಲ್ಲಿ ಎದೆಗೆ ಅವಚಿಕೊಂಡ.

"ಸಾವಕಾಶ, ರತ್ನಾ!" ತಂದೆ ಮಡಿವಾಳೆಪ್ಪ ನಕ್ಕರು. "ಇವರು ರಾಮದುರ್ಗದ ಸಾಗರ. ಮದುವಿ ವಿಡಿಯೊ ತಗೀತಾರ. ಈಗ ತಮ್ಮದ ಒಂದು ಸಣ್ಣ ಪಿಚ್ಚರ್ ಮಾಡಾಕ ಹತ್ಯಾರಂತ. ನಮ್ಮ ಸಿನೆಮಾಸ್ಕೋಪ್ ಲೆನ್ಸ್ ಕೇಳಾಕ ಬಂದಾರ."

ಮಡಿವಾಳೆಪ್ಪ ಬೈಲಹೊಂಗಲದ ಟಾಕೀಜಿನಲ್ಲಿ ಮೂವತ್ತೊಂದು ವರ್ಷ ಪ್ರೊಜೆಕ್ಟರ್ ಓಡಿಸಿದವರು. ಟಾಕೀಜು ಮುಚ್ಚಿದ ದಿನ ಮಾಲೀಕರು "ಏನು ಬೇಕೋ ತೊಗೊ" ಎಂದಾಗ ಅವರು ತಂದದ್ದು ಈ ಲೆನ್ಸೊಂದನ್ನೇ. ಮನೆಯಲ್ಲಿ ಅದನ್ನು ಒರೆಸುವ ಅಧಿಕಾರ ಇದ್ದದ್ದು ಮಗಳಿಗೆ ಮಾತ್ರ.

"ಟಾಕೀಜಿನ ಲೆನ್ಸ್ ನಿಮ್ಮ ಕ್ಯಾಮೆರಾಕ್ಕ ಯಾಕ ಬೇಕು?"

"ಇದು ಪರದೆ ಮ್ಯಾಲ ಚಿತ್ರ ಅಗಲ ಮಾಡತಿತ್ತಲ್ರೀ... ಕ್ಯಾಮೆರಾದ ಮುಂದ ಹಚ್ಚಿದ್ರ ಉಲ್ಟಾ ಕೆಲಸ ಮಾಡತೈತಿ. ಅಗಲ ಇರೂದನ್ನೆಲ್ಲಾ ಹಿಂಡಿ ಒಳಗ ತುಂಬತೈತಿ. ಮಂದಿ ಸಣಕಲ ಕಾಣತಾರ, ಆಮ್ಯಾಲ ಕಂಪ್ಯೂಟರ್‌ನಾಗ ಮತ್ತ ಅಗಲಕ ಎಳೀತೀವಿ." ಹೇಳುತ್ತ ಹೇಳುತ್ತ ಅವನ ಕಣ್ಣು ಅರಳಿದವು. "ದೀಪ ಎದುರಿಗಿ ಬಂದ್ರ ಚಿತ್ರದ ತುಂಬ ಅಡ್ಡಕ ಒಂದು ನೀಲಿ ಗೆರಿ ಬೀಳತೈತಿ. ಹೊಸಾ ಲೆನ್ಸಿಗೆ ಆ ಕಳೆ ಇಲ್ರೀ!"

"ಕೊಡಂಗಿಲ್ಲ."

"ನಾ ಜ್ವಾಕ್ಯಾಗಿ..."

"ಕೊಡಂಗಿಲ್ಲ ಅಂದ್ರ ಕೊಡಂಗಿಲ್ಲ. ಬೇಕಾದ್ರ ನಾನ ತೊಗೊಂಡು ಬರತೇನಿ. ಲೆನ್ಸ್ ಎಲ್ಲಿ ಇರತೈತೋ ನಾನೂ ಅಲ್ಲೆ!"

ಸಿಟ್ಟಿಗೆ ಆಡಿದ ಮಾತು. ಆದರೆ ಆ ಪುಣ್ಯಾತ್ಮ ತಟ್ಟನೆ "ಆತ್ರಿ" ಎಂದುಬಿಟ್ಟ! ಈಗ ಬೆಚ್ಚಿಬೀಳುವ ಸರದಿ ಅವಳದು.

ಊರೂರು ನಡೆದು ಬಳೆ ಮಾರುವ ಮುದುಕಿಯೊಬ್ಬಳ ಒಂದು ದಿನ, ಇಪ್ಪತ್ತು ನಿಮಿಷದ ಚಿತ್ರ. ಮುದುಕಿಯ ಪಾತ್ರಕ್ಕೆ ನಿಜವಾಗಿಯೂ ಬಳೆ ಮಾರುವ ಸಾಲಹಳ್ಳಿಯ ರಹೀಮಬಿ. ಸಾಮಾನು ಹೊರಲು ಸಾಗರನ ಗೆಳೆಯ ಮುಸ್ತಕೀಮನ ಗಾಡಿ. ಬಸ್‌ಸ್ಟ್ಯಾಂಡಿನ ಹತ್ತಿರದ ತನ್ನ ಝೆರಾಕ್ಸ್ ಅಂಗಡಿಗೆ ಮಧ್ಯಾಹ್ನ ಬೀಗ ಹಾಕಿ ನಾಗರತ್ನಾ ಲೆನ್ಸಿನೊಂದಿಗೆ ಹೊರಟಳು.

ಹೋದ ಮೇಲೆ ತಿಳಿಯಿತು, ಈ ಹಳೇ ಲೆನ್ಸಿನದೊಂದು ದೊಡ್ಡ ತಕರಾರು. ಕ್ಯಾಮೆರಾದ ಲೆನ್ಸಿಗೆ ಒಂದು ಫೋಕಸ್ ರಿಂಗು, ಅದರ ಮುಂದೆ ಕಟ್ಟಿದ ಸ್ಕೋಪ್ ಲೆನ್ಸಿಗೆ ಇನ್ನೊಂದು. ಎರಡೂ ಒಂದೇ ದೂರಕ್ಕೆ ಕೂತರೆ ಮಾತ್ರ ಚಿತ್ರ ಸ್ಪಷ್ಟ. ರಹೀಮಬಿ ನಡೆದು ಹತ್ತಿರ ಬಂದಂತೆಲ್ಲ ಎರಡನ್ನೂ ಒಟ್ಟಿಗೇ ತಿರುಗಿಸಬೇಕು. ಒಬ್ಬರ ಕೈಲಾಗುವ ಕೆಲಸವಲ್ಲ.

ಹಿಂದಿನದು ಅವನ ಕೈಗೆ, ಮುಂದಿನದು ಅವಳ ಕೈಗೆ.

"ಇಪ್ಪತ್ತು ಫೂಟ್... ಹದಿನೈದು... ಎಂಟು..." ಅವನು ಕಿವಿಯ ಹತ್ತಿರ ಪಿಸುಗುಟ್ಟುತ್ತಿದ್ದ. ಎಂಟಕ್ಕೆ ಬರುವಷ್ಟರಲ್ಲಿ ಅವಳಿಗೆ ಲೆಕ್ಕವೇ ತಪ್ಪುತ್ತಿತ್ತು. ತಪ್ಪದೆ ಏನು ಮಾಡೀತು!

ಮೊದಲ ದಿನ ಶಾಟು ಹನ್ನೊಂದು ಸಲ ಕೆಟ್ಟಿತು. ರಹೀಮಬಿ ಬಳೆಯ ಗಂಟು ಧೊಪ್ಪೆಂದು ಇಳಿಸಿದಳು.

"ನಡದ ನಡದ ನನ್ನ ಕಾಲ ಸವದ್ವು! ನಿಮ್ಮಿಬ್ಬರ ಕೈ ಯಾವಾಗ ಕೂಡತಾವು?"

ಇಬ್ಬರೂ ನೆಲ ನೋಡಿದರು. ನಾಲ್ಕನೇ ದಿನದ ಹೊತ್ತಿಗೆ ಪಿಸುಮಾತು ಬೇಕಾಗಲಿಲ್ಲ. ಅವನು ಉಸಿರು ಬಿಗಿಹಿಡಿದರೆ ಸಾಕು, ಅವಳ ಬೆರಳು ತಾನಾಗಿ ತಿರುಗುತ್ತಿತ್ತು.

ತೊಂದರೆ ಏನೆಂದರೆ, ಮನೆಗೆ ಬಂದ ಮೇಲೂ ಆ ಬೆರಳು ಸುಮ್ಮನಿರುತ್ತಿರಲಿಲ್ಲ. ಕೂತಲ್ಲಿ ಕೂರಲಾರಳು, ನಿಂತಲ್ಲಿ ನಿಲ್ಲಲಾರಳು. ಉಪ್ಪಿನ ಡಬ್ಬಿಯ ಮುಚ್ಚಳವನ್ನು ಎಡಕ್ಕೆ ತಿರುಗಿಸುವಳು, ಬಲಕ್ಕೆ ತಿರುಗಿಸುವಳು, ಮತ್ತೆ ಎಡಕ್ಕೆ.

"ಮುಚ್ಚಳ ಮುರದೀ!" ತಾಯಿ ದೇವಕ್ಕ ಗದರಿದಳು. "ಭಾನುವಾರ ಮುರಗೋಡದವರು ನಿನ್ನ ನೋಡಾಕ ಬರಾವ್ರದಾರ. ಹುಡುಗಂದು ಸರಕಾರಿ ನೌಕರಿ. ಬಿಸಲಾಗ ತಿರುಗಿ ಮಾರಿ ಕರ್ರಗ ಮಾಡ್ಕೋಬ್ಯಾಡ."

ನಾಗರತ್ನಾ ಡಬ್ಬಿಯನ್ನು ಕೆಳಗಿಟ್ಟಳು. ಭಾನುವಾರಕ್ಕೆ ಉಳಿದದ್ದು ಆರೇ ದಿನ. 'ಬ್ಯಾಡ' ಅನ್ನಬೇಕಾದರೆ ಒಂದು ಮಾತು ಗೊತ್ತಾಗಬೇಕಿತ್ತು. ಸಾಗರನಿಗೆ ಬೇಕಾದದ್ದು ಲೆನ್ಸೋ... ನಾನೋ?

ಮರುದಿನ ನವಿಲುತೀರ್ಥದ ಹಿನ್ನೀರಿನ ದಂಡೆಯಲ್ಲಿ ಬೇಕೆಂದೇ ಹೇಳಿದಳು.

"ಭಾನುವಾರ ನನ್ನ ನೋಡಾಕ ಬರತಾರ. ಸರಕಾರಿ ನೌಕರಿಯಂವ."

ಸಾಗರ ಕ್ಯಾಮೆರಾದಿಂದ ಕಣ್ಣು ತೆಗೆಯಲಿಲ್ಲ. "ಚಲೋ ಆತು ಬಿಡ್ರಿ."

ಚಲೋ ಆತಂತೆ! ಅವಳಿಗೆ ಅಳುವೂ ಸಿಟ್ಟೂ ಒಟ್ಟಿಗೇ ಒತ್ತರಿಸಿ ಬಂದವು.

"ನನಗೂ ಒಂದು ಪಿಚ್ಚರ್ ತಗೀಬೇಕಂತ ಆಶಾ ಇತ್ತು," ಎಂದಳು ಇನ್ನೊಮ್ಮೆ ಕೆಣಕಿ. "ಆದ್ರ ಮದುವಿ ಆದಮ್ಯಾಲ ಇನ್ನೊಂದು ರಿಂಗಿಗೆ ಕೈ ಯಾರು ಕೊಡತಾರ?"

ಅವನು ಏನೋ ಹೇಳಲು ಬಾಯಿ ತೆರೆದ. "ಬೆಳಕು ಹೋಗಾಕತ್ತೈತಿ," ಎಂದು ಫೋಕಸ್ ರಿಂಗಿಗೆ ಕೈ ಹಾಕಿದ.

ಶುಕ್ರವಾರ ಅಂಗಡಿಯಲ್ಲಿದ್ದಾಗ ಅವನ ಫೋನು ಬಂತು. ಹಿಂದೆ ಮದುವೆಯ ಬ್ಯಾಂಡಿನ ಗದ್ದಲ.

"ಒಂದು ಪಾರ್ಸಲ್ ನಿಮ್ಮ ಅಂಗಡಿಗಿ ಬರತೈತ್ರಿ. ತಗದು ನೋಡ್ರಿ. ಅದು ಏನಂದ್ರ..." ಮುಂದಿನದು ಬ್ಯಾಂಡಿನಲ್ಲಿ ಮುಳುಗಿಹೋಯಿತು, ಫೋನೂ ಕಟ್ಟಾಯಿತು.

ಪಾರ್ಸಲ್ ಬಂತು. ಒಳಗೊಂದು ಗಾಜಿನ ರಿಂಗು, ಜೊತೆಗೆ ಅದನ್ನು ಬಳಸುವ ಬಗೆ ಅಚ್ಚಾದ ಮಡಿಚಿದ ಹಾಳೆ. ಸ್ಕೋಪ್ ಲೆನ್ಸಿನ ಮುಂದೆ ಇದನ್ನು ಕೂಡಿಸಿದರೆ ಫೋಕಸ್ ಮಾಡಲು ಇದೊಂದನ್ನೇ ತಿರುಗಿಸಿದರೆ ಸಾಕಂತೆ. ಒಬ್ಬರೇ ಮಾಡಬಹುದಂತೆ. ಇನ್ನೊಬ್ಬರ ನೆರವು ಬೇಕಿಲ್ಲವಂತೆ!

ಹಾಳೆಯನ್ನು ಮೂರು ಸಲ ಓದಿದಳು. ಮೂರನೇ ಸಲ ಅಕ್ಷರ ಕಾಣಲಿಲ್ಲ, ಕಣ್ಣು ತುಂಬಿದ್ದವು.

'ನನ್ನ ಕೈ ಬ್ಯಾಡಾತು ಅಂತ ಬಾಯಿಬಿಟ್ಟು ಹೇಳಾಕ ಆಗಲಿಲ್ಲ. ತಗದು ನೋಡ್ರಿ ಅಂದ!'

ಅಂದೇ ಸಂಜೆ ಮುಸ್ತಕೀಮನನ್ನು ಕರೆಸಿ ಲೆನ್ಸು, ಗಾಜಿನ ರಿಂಗು ಎರಡನ್ನೂ ಅವನ ಕೈಗಿಟ್ಟಳು. "ಇನ್ನ ನನ್ನ ಕೆಲಸ ಮುಗೀತು ಅಂತ ಹೇಳು." ಮನೆಗೆ ಹೋಗಿ ತಾಯಿಗೆ "ಬರಲಿ ಮುರಗೋಡದವರು" ಎಂದಳು. ಆಮೇಲೆ ಅಂಗಳದಲ್ಲಿ ಇಪ್ಪತ್ತು ಸಲ ಅತ್ತಿಂದಿತ್ತ ನಡೆದಳು.

ಶನಿವಾರ ಬೆಳಿಗ್ಗೆ ಮುಸ್ತಕೀಮ ಮತ್ತೆ ಬಾಗಿಲಲ್ಲಿ ನಿಂತಿದ್ದ. ಕೈಯಲ್ಲಿ ಅದೇ ಚೀಲ.

"ಎರಡೂ ಅವರವ, ನನಗ ಬ್ಯಾಡ ಅಂದಾನಕ್ಕಾ."

"ಮತ್ತೇನಂದ?"

"ಏನೂ ಇಲ್ಲ. ಉಣ್ಣವಲ್ಲ, ಮಾತಾಡವಲ್ಲ. ಒಂದ ಸವನ ಉಗುರು ಕಡ್ಯಾಕ ಹತ್ಯಾನ. ಇವತ್ತ ಕಿತ್ತೂರ ಕೋಟ್ಯಾಗ ಕಡೀ ಶಾಟ್." ಸವದತ್ತಿಗೆ ಬಾಡಿಗೆ ಇದೆಯೆಂದು ಅವನು ಗಾಡಿ ತಿರುಗಿಸಿಕೊಂಡು ಹೋದ.

ಲೆನ್ಸೂ ಬೇಡ, ನಾನೂ ಬೇಡ... ಹಾಗಾದರೆ ಇವನಿಗೆ ಬೇಕಾದದ್ದಾದರೂ ಏನು?

ಮಡಿವಾಳೆಪ್ಪ ಮಗಳ ಮುಖವನ್ನೇ ನೋಡುತ್ತಿದ್ದರು. "ಸಿಟ್ಟಿನ್ಯಾಗ ಕೊಯ್ದ ಮೂಗು ಶಾಂತಾದಮ್ಯಾಲ ಬರೂದಿಲ್ಲವ್ವಾ. ಹೋಗಿ ಕೇಳಿ ಬಾ. ನಿಮ್ಮವ್ವಗ ನಾ ಏನರ ಹೇಳತೇನಿ."

ಚೀಲ ಎತ್ತಿಕೊಂಡು ಓಡಿದಳು. ಕಿತ್ತೂರಿನ ಬಸ್ಸು ಹಳ್ಳಿಹಳ್ಳಿಗೂ ನಿಂತಿತು. ಒಬ್ಬರು ಹುಲ್ಲಿನ ಹೊರೆ ಹತ್ತಿಸಿದರು, ಇನ್ನೊಬ್ಬರು ಹೊರೆ ಇಳಿಸಿದರು. ಈ ಬಸ್ಸಿಗೆ ಇವತ್ತೇ ಇಷ್ಟು ಸಾವಧಾನ ಬೇಕಿತ್ತೇ! ಸೀಟಿನ ತುದಿಯಲ್ಲೇ ಕುಳಿತು ಬಂದಳು.

ಕೋಟೆಯ ಮುರಿದ ಗೋಡೆಯ ನೆರಳಿನಲ್ಲಿ ರಹೀಮಬಿ ಎಲೆ ಅಡಿಕೆ ಮೆಲ್ಲುತ್ತಿದ್ದಳು. ಸಾಗರ ಬರಿಯ ಕ್ಯಾಮೆರಾ ಹಿಡಿದು ನಿಂತಿದ್ದ. ಮೂರು ದಿನದಿಂದ ಗಡ್ಡ ತೆಗೆದಿರಲಿಲ್ಲ.

"ಬಂದಿ, ನಮ್ಮವ್ವಾ?" ರಹೀಮಬಿ ಎದ್ದಳು. "ಮುಂಜಾನಿಂದ ಹಿಂಗ ನಿಂತಾನ. ನೀವು ಮಾತಾಡ್ಕೋರಿ, ನಾ ಚಾ ಕುಡದು ಬರತೇನಿ."

ನಾಗರತ್ನಾ ಚೀಲವನ್ನು ಅವನ ಮುಂದಿಟ್ಟಳು.

"ಒಬ್ಬರ ಕೈಲೆ ಫೋಕಸ್ ಮಾಡೂದನ್ನ ತರಿಸಿದ್ರಿ. ನಾ ಬ್ಯಾಡಾಗಿದ್ರ ನೆಟ್ಟಗ ಹೇಳಬೇಕಾಗಿತ್ತು!"

"ನೀವು ಬ್ಯಾಡಾ?" ಅವನು ದಂಗಾಗಿ ನೋಡಿದ. "ಅದನ್ನ ನಾ ತರಿಸಿದ್ದು ನಿಮಗ್ರೀ!"

"ನನಗ?"

"ನವಿಲುತೀರ್ಥದಾಗ ನೀವ ಕೇಳಿದ್ರಿ, ಇನ್ನೊಂದು ರಿಂಗಿಗೆ ಕೈ ಯಾರು ಕೊಡತಾರ ಅಂತ. ಮದುವ್ಯಾಗಿ ನೀವು ಎಲ್ಲೇ ಹೋದ್ರೂ, ಯಾರ ಹಂಗೂ ಇಲ್ಲದ ನಿಮ್ಮ ಪಿಚ್ಚರ್ ನೀವ ತಗೀಬೇಕು ಅಂತ..." ಅವನು ಚೀಲವನ್ನು ಅವಳ ಕಡೆಗೇ ಸರಿಸಿದ. "ಫೋನಿನ್ಯಾಗ ಅದನ್ನ ಹೇಳಾಕ ಹೊಂಟಿದ್ದೆ."

ಅವಳು ಗೋಡೆಗೆ ಕೈಯೂರಿದಳು.

"ಮತ್ತ 'ಚಲೋ ಆತು' ಅಂದ್ರಿ?"

"ಇನ್ನೇನ ಅನ್ನಲಿ? ಅವರದು ಸರಕಾರಿ ನೌಕರಿ. ನಾ ಯಾರದೋ ಮದುವಿ ವಿಡಿಯೊ ತಗಿಯಾಂವ. ಬ್ಯಾಡ ಅನ್ನಾಕ ನನಗೇನು ಹಕ್ಕೈತಿ?" ಅವನು ಮೊದಲ ಸಲ ಅವಳ ಕಣ್ಣಲ್ಲಿ ಕಣ್ಣಿಟ್ಟ. "ಆದ್ರ ಒಂದು ಮಾತು. ನಿಮಗ ಆ ರಿಂಗ್ ಬೇಕಾಗಬಹುದು. ನನಗ ಬ್ಯಾಡ. ಒಬ್ಬನ ತಗಿಯೋ ಪಿಚ್ಚರ್ ನನಗ ಬ್ಯಾಡ, ನಾಗರತ್ನಾ."

ಅಳಬಾರದೆಂದು ಎಷ್ಟು ಬಿಗಿಹಿಡಿದಿದ್ದಳೋ! ಅತ್ತೇಬಿಟ್ಟಳು. ಮೂಗು ಒರೆಸಿಕೊಂಡು ಫೋನು ತೆಗೆದಳು.

"ಅವ್ವಾ... ನಾಳೆ ಮುರಗೋಡದವರಿಗೆ ಬರಬ್ಯಾಡ್ರಿ ಅಂತ ಹೇಳು."

ಆಚೆಯಿಂದ ದೇವಕ್ಕನ ಮಂಗಳಾರತಿ ಶುರುವಾಯಿತು. ಸಾಗರನಿಗೂ ಕೇಳುವಷ್ಟು ಜೋರಾಗಿತ್ತು. ನಡುವೆ ಯಾರೋ ಫೋನು ಕಸಿದುಕೊಂಡರು.

"ರತ್ನಾ, ನಾನು," ಮಡಿವಾಳೆಪ್ಪನವರ ದನಿ. "ನಿಮ್ಮವ್ವನ ನಾ ನೋಡ್ಕೋತೇನಿ. ಆ ಹುಡುಗಗ ಹೇಳು, ನಾಳೆ ಹಿರ್ಯಾರನ್ನ ಕರಕೊಂಡು ಬಾ ಅಂತ."

ಅವಳು ಫೋನು ಇಳಿಸಿದಳು. ಸಾಗರ ಅಂಗೈ ಬೆವರನ್ನು ಪ್ಯಾಂಟಿಗೆ ಒರೆಸಿಕೊಳ್ಳುತ್ತಿದ್ದ.

"ನಾಳೆ ನಿಮ್ಮಪ್ಪಾರಿಗೆ ಹೆಂಗ ಕೇಳಲಿ?"

"ಅಪ್ಪಗ ಆಮ್ಯಾಲ ಕೇಳಿರಂತ. ಮೊದಲ ಕೇಳಬೇಕಾದ್ದು ಅವರನ್ನಲ್ಲ."

"ಮತ್ತ ಯಾರನ್ನ?"

"ನನ್ನ!"

ಅವನು ನಕ್ಕ. ನಗುತ್ತಲೇ ಕಣ್ಣು ಒದ್ದೆಯಾದವು. ಒಂದು ಹೆಜ್ಜೆ ಹತ್ತಿರ ಬಂದ.

"ನಾಗರತ್ನಾ... ನನ್ನ ಸಂಗಡ ಬರತೀರೇನು?"

"ಎಲ್ಲಿಗಿ?"

"ಎಲ್ಲಿಗಂತ ಇನ್ನೂ ನನಗೂ ಗೊತ್ತಿಲ್ರೀ."

"ಆತು," ಎಂದಳು ಅವನ ಕೈ ಹಿಡಿದು. "ನಡೀರಿ."