ಅಣ್ಣನ ಹೆಸರಿನ ಕಾರು

ತಿರುಪ್ಪೂರಿನ ಬನಿಯನ್ ಕಂಪನಿಯ ಮೆಟ್ಟಿಲ ಮೇಲೆ ಈಶ್ವರನ್ ಎರಡು ಗಂಟೆ ಕಾದಿದ್ದ. ತಡವಾಗಿ ಬಂದ ಆರುಮುಗಂ ಅವನನ್ನು ದಾಟಿ ಒಳಗೆ ಹೋಗಿ ನೂಲಿನ ಆರ್ಡರ್ ಹೊಡೆದುಕೊಂಡು ಬಂದ. ಇಬ್ಬರೂ ನೂಲಿನ ದಲ್ಲಾಳಿಗಳೇ. ಆರುಮುಗಂ ಕಾರಿನಿಂದ ಇಳಿದಿದ್ದ, ಈಶ್ವರನ್ ತನ್ನೂರು ಸಿಂಗಾನಲ್ಲೂರಿನಿಂದ ಬಸ್ಸಿನಲ್ಲಿ ನೇತಾಡಿಕೊಂಡು ಬಂದಿದ್ದ, ವ್ಯತ್ಯಾಸ ಅಷ್ಟೇ. ಆ ಹೊಟ್ಟೆಯುರಿ ತಿಂಗಳಾದರೂ ಆರಲಿಲ್ಲ. ಹೊಸ ಕಾರಿಗೆ ಹೆಸರು ಬರೆಸಿದರೆ ಸರದಿ ಬರಲು ವರ್ಷಗಳೇ ಹಿಡಿಯುತ್ತಿದ್ದ ಕಾಲ ಅದು.

ಅಷ್ಟರಲ್ಲಿ ಅಂಗವಿಕಲರ ಕಾರು ಯೋಜನೆಯ ನಿಯಮಗಳು ಅವನ ಕೈಗೆ ಸಿಕ್ಕಿದವು. ತೆರಿಗೆಯಲ್ಲಿ ರಿಯಾಯಿತಿ, ಸರದಿಯಲ್ಲಿ ಮೊದಲ ಜಾಗ. ಆದರೆ ಕಾರನ್ನು ಕಾಲಿಲ್ಲದವನೇ ಪೆಡಲುಗಳ ಬದಲು ಕೂರಿಸಿದ ಕೈಹಿಡಿಗಳಿಂದ ಓಡಿಸಬೇಕು, ಐದು ವರ್ಷ ಅದು ಬೇರೆಯವರ ಬಳಕೆಗೆ ಹೋಗಬಾರದು. ಹೋದರೆ ಜಪ್ತಿ. ಈಶ್ವರನ್ ಓದಿ ಮುಗಿಸಿ, ಜಗಲಿಯಲ್ಲಿ ನೂಲು ಸುತ್ತುತ್ತಿದ್ದ ಅಣ್ಣ ಲಿಂಗಸಾಮಿಯ ಕಡೆ ನೋಡಿದ. ಮೂರನೇ ವಯಸ್ಸಿನಲ್ಲಿ ಪೋಲಿಯೋ ಬಂದು ಅವನ ಎರಡು ಕಾಲೂ ಒಣಗಿದ್ದವು. ನಲವತ್ತು ವರ್ಷದಲ್ಲಿ ಮೊದಲ ಬಾರಿಗೆ ಈಶ್ವರನಿಗೆ ಆ ಕಾಲುಗಳ ಮೇಲೆ ಪ್ರೀತಿ ಉಕ್ಕಿತು.

ಲಿಂಗಸಾಮಿ ಪಾಪ, ಕಾರು ನಿನಗೇ ಎಂದ ತಮ್ಮನ ಮಾತನ್ನು ನಿಜವೆಂದೇ ನಂಬಿದ. ತಿಂಗಳೊಳಗೆ ಓಡಿಸಲು ಕಲಿತು ಲೈಸೆನ್ಸ್ ತೆಗೆದುಕೊಂಡ. ಕಾರು ಬಂದ ದಿನ ಒಬ್ಬನೇ ಕೆರೆಯವರೆಗೆ ಹೋಗಿ ಬಂದು, ಬಾಗಿಲು ತೆಗೆಯದೆ ಸೀಟಿನಲ್ಲೇ ಕುಳಿತು ಅತ್ತ. ಯಾರೂ ಎತ್ತಿಕೊಳ್ಳದೆ ಅವನು ಬೀದಿ ದಾಟಿದ್ದು ಅದೇ ಮೊದಲು. ಮರುದಿನವೇ ಕೀಲಿ ತಮ್ಮನ ಜೇಬು ಸೇರಿತು. ಲಿಂಗಸಾಮಿ ಎರಡು ತಿಂಗಳು ಕೇಳಿದ, ಆಮೇಲೆ ಕೇಳುವುದನ್ನು ಬಿಟ್ಟ.

ಈಶ್ವರನ್ ಮೊದಲೇ ಯೋಚಿಸಿದ್ದ. ಕೈಹಿಡಿಗಳನ್ನು ಕೂರಿಸಿದ ಉಕ್ಕಡಂ ಪೇಟೆಯ ಮೆಕ್ಯಾನಿಕ್‌ಗೆ ಹೇಳಿ ಕಾಲಿನ ಪೆಡಲುಗಳನ್ನು ಹಾಗೆಯೇ ಉಳಿಸಿಕೊಂಡಿದ್ದ. ಅವುಗಳನ್ನು ಒತ್ತಿಕೊಂಡು ದಿನವೂ ತಿರುಪ್ಪೂರಿಗೆ ಹೋದ. ಮೆಟ್ಟಿಲ ಮೇಲೆ ಕಾಯುವ ಸರದಿ ಈಗ ಆರುಮುಗಂನದಾಯಿತು.

ಎರಡನೇ ವರ್ಷ, ೧೯೮೭ರ ನವೆಂಬರಿನಲ್ಲಿ, ತಪಾಸಣೆಯ ಕಾಗದ ಬಂತು. ಈಶ್ವರನ್ ಹೆದರಲಿಲ್ಲ, ಒಳಗೊಳಗೇ ಖುಷಿಪಟ್ಟ ಎಂದರೂ ತಪ್ಪಿಲ್ಲ. ಚೆನ್ನಾಗಿ ಓದಿಕೊಂಡ ಹುಡುಗ ಪರೀಕ್ಷೆಗೆ ಕಾಯುವಂತೆ ಕಾದ. ಸವೆದ ಪೆಡಲುಗಳೇ ಸಾಕ್ಷಿ ಹೇಳುತ್ತವೆಂದು ಅವುಗಳಿಗೆ ಹೊಸ ರಬ್ಬರ್ ಹಾಕಿಸಿದ. ಓಡಾಟದ ಪುಸ್ತಕವನ್ನು ಅಣ್ಣನ ಕೈಯಿಂದಲೇ, ಒಂದೊಂದು ತಿಂಗಳಿಗೆ ಒಂದೊಂದು ಪೆನ್ನಿನಲ್ಲಿ ಬರೆಸಿದ. ಅಣ್ಣ ಮನೆಯೊಳಗೆ ಬಳಸುವ ಊರುಗೋಲಿನ ತುದಿಯನ್ನು ತಾನೇ ಹಿಡಿದು ಕಾರಿನ ಬಾಗಿಲಂಚಿಗೆ ಉಜ್ಜಿ ಗೀರು ಬೀಳಿಸಿದ. ಸೀಟಿಗೆ ಅಂಟಿದ ಹತ್ತಿಯ ಎಳೆಗಳನ್ನು ಒಂದೊಂದಾಗಿ ಹೆಕ್ಕಿದ. ಕೈಹಿಡಿಗಳ ಧೂಳನ್ನು ಎಣ್ಣೆಬಟ್ಟೆಯಲ್ಲಿ ಒರೆಸಿದ. ಅಣ್ಣ ಒಮ್ಮೆ ಓಡಿಸಿ ನೋಡುತ್ತೇನೆ ಎಂದಾಗ, ಈಗ ಅಭ್ಯಾಸ ಮಾಡಿದರೆ ಬೀದಿಯವರಿಗೆ ಅನುಮಾನ ಬರುತ್ತದೆ ಎಂದು ತಡೆದ. ಉಳಿದದ್ದು ಅಣ್ಣನ ಬಾಯಿ ಒಂದೇ.

"ನಾ ಪೊಯ್ ಹೇಳ್ತಿನಿ ತಂಬಿ," ಎಂದು ಲಿಂಗಸಾಮಿ ತಮಿಳು ಬೆರೆತ ಮನೆಗನ್ನಡದಲ್ಲಿ ಸುಳ್ಳಿಗೆ ಒಪ್ಪಿದ. "ದಿನಾ ನಾನೇ ಓಟ್ತಿನಿ ಅಂತಿನಿ. ಆನಾ ಭಾನುವಾರ ಒಂದು ದಿವ್ಸ ಸಾವಿ ನನ್ಗೆ ಕೊಟ್ಬುಡು. ಬೇರೆ ಏನೂ ಬೇಡ."

"ಆಯ್ತಣ್ಣಾ. ನಮ್ಮಮ್ಮನ ಆಣೆ," ಎಂದ ಈಶ್ವರನ್. ಕೀಲಿ ಕೊಡುವ ಯೋಚನೆ ಅವನ ತಲೆಯಲ್ಲಿ ಒಂದು ಕ್ಷಣವೂ ಇರಲಿಲ್ಲ.

ಮದ್ರಾಸಿನಿಂದ ಬಂದ ಅಧಿಕಾರಿ ಸಣಕಲು ಮನುಷ್ಯ, ಮಾತು ಕಡಿಮೆ. ಪುಸ್ತಕ ತಿರುವಿದರು, ಬಾಗಿಲ ಗೀರು ಸವರಿ ನೋಡಿದರು, ಹೊಸದರಂತಿದ್ದ ಪೆಡಲುಗಳನ್ನು ನೋಡಿ ತಲೆಯಾಡಿಸಿದರು. ಲಿಂಗಸಾಮಿ ಎಲ್ಲೂ ತಡವರಿಸಲಿಲ್ಲ. ದಿನವೂ ಪೋತ್ತನೂರಿಗೆ ನೂಲು ನೋಡಲು ಹೋಗುತ್ತೇನೆ, ನಿನ್ನೆಯೂ ಹೋಗಿದ್ದೆ ಎಂದ. ಸುಳ್ಳು ಹೇಳುವವನ ಮುಖದಲ್ಲಿ ಅಂಥ ಆಸೆಯನ್ನು ಯಾರೂ ಕಂಡಿರಲಾರರು. ಕೊನೆಗೆ ಅಧಿಕಾರಿ, ಒಂದು ಸುತ್ತು ಓಡಿಸಿ ತೋರಿಸಿದರೆ ಸಹಿ ಹಾಕುತ್ತೇನೆ ಎಂದರು. ಲಿಂಗಸಾಮಿ ತಾನೇ ಹತ್ತಿ ಕುಳಿತು ಕೀಲಿ ಹಾಕಿದ. ಈಶ್ವರನ್ ಒಳಗೆ ಕಾಫಿಗೆ ಹೇಳಿದ.

ಲಿಂಗಸಾಮಿಯ ಅಂಗೈ ಬ್ರೇಕಿನ ಕೈಹಿಡಿಯನ್ನು ಮುಟ್ಟುವ ಮೊದಲೇ ಅಧಿಕಾರಿ ಕಿಟಕಿಯಿಂದ ಬಗ್ಗಿ ಅವನ ಮಣಿಕಟ್ಟು ಹಿಡಿದರು. ಹಿಡಿಯ ನೆತ್ತಿಯಲ್ಲಿ, ಅಂಗೈ ಕೂರುವ ಜಾಗದಲ್ಲೇ, ಒಣಗಿದ ಗಂಧ, ಅದರ ನಡುವೆ ಕುಂಕುಮದ ಬೊಟ್ಟು. ಒಂದು ಚೂರೂ ಅಳಿಸಿರಲಿಲ್ಲ. "ಆಯುಧಪೂಜೆ ಆಗಿ ಐದು ವಾರ ಆಯಿತಲ್ಲ," ಎಂದು ಅವರು ತಮಿಳಿನಲ್ಲಿ ಮೆಲ್ಲಗೆ ಕೇಳಿದರು, "ದಿನಾ ಹಿಡಿಯುವ ಹಿಡಿಯ ಮೇಲೆ ಇದು ಹೇಗೆ ಉಳಿಯಿತು?" ಆ ಹಬ್ಬದ ದಿನ ಈಶ್ವರನೇ ಮನೆಯ ಮಗ್ಗಗಳಿಗೆ ಇಟ್ಟಂತೆ ಸ್ಟಿಯರಿಂಗ್, ಗೇರು, ಕೈಹಿಡಿ ಎಲ್ಲಕ್ಕೂ ಬೊಟ್ಟು ಇಟ್ಟಿದ್ದ. ಅವನ ಕೈ ಆಡುವಲ್ಲೆಲ್ಲ ಅದು ಎರಡೇ ದಿನದಲ್ಲಿ ಅಳಿಸಿತ್ತು. ನೇಕಾರರ ಮನೆಯಲ್ಲಿ ಪೂಜೆಯ ಕುಂಕುಮವನ್ನು ಯಾರೂ ಒರೆಸುವುದಿಲ್ಲ, ಅದು ಕೆಲಸದಲ್ಲೇ ಸವೆದು ಹೋಗಬೇಕು. ಧೂಳು ಒರೆಸುವಾಗ ಅವನ ಎಣ್ಣೆಬಟ್ಟೆ ತನ್ನಷ್ಟಕ್ಕೇ ಆ ಬೊಟ್ಟನ್ನು ಬಿಟ್ಟು ಸುತ್ತಲೂ ಹಾದುಹೋಗಿತ್ತು. ಲಿಂಗಸಾಮಿ ಕೀಲಿಯನ್ನು ಅಧಿಕಾರಿಯ ಕೈಗಿಟ್ಟು, ಊರುಗೋಲನ್ನು ಮುಟ್ಟದೆ, ಇಳಿಸಿಕೊಳ್ಳೆಂದು ತಮ್ಮನ ಕಡೆ ಎರಡೂ ತೋಳು ಚಾಚಿದ.