ಹೊಳ್ಯಾಗಿನ ಕೋಡಿನ ಗುಂಡು

"ತಡೀಬೇ ಯಮನೂರಮ್ಮಾ! ಆ ಕಾಯಿ ಒಡದಿ ಅಂದ್ರ ನಾವೆಲ್ಲಾ ಶಿವನ ಪಾದ ಸೇರತೀವಿ!"

ಆಕಿ ಎತ್ತಿದ ಕೈ ಗಪ್ಪನ ಹಿಡದೆ. ಹರಿಗೋಲು ಹೊಯ್ದಾಡಿತು. ಒಳಗಿದ್ದ ಎಂಟು ಮಂದಿ ಒದರಿದ್ರು.

ಐವತ್ತೆರಡನೇ ಇಸವಿ. ದಢೇಸುಗೂರು ಹೊಳಿ. ಮಹಾನವಮಿ ದಿನ ನಮ್ಮ ಕಡೆ ಕಬ್ಬಿಣ ಅಂದ್ರ ದೇವರು ನೋಡ್ರಿ. ಕುಡುಗೋಲು, ಕುಂಟಿ, ಬಂಡಿ ಅಚ್ಚು... ಎಲ್ಲಕ್ಕೂ ಕುಂಕುಮ, ಕಾಯಿ. ಅಂಬಿಗರ ಯಮನೂರಮ್ಮನ ಕಬ್ಬಿಣ ನೀರಾಗ ತೇಲಾಕತ್ತಿತ್ತು. ಹಂಡೇವಿನಂಥ ಗುಂಡು. ಮೈತುಂಬ ಕೋಡು!

ಆ ಕೋಡು ನನಗ ಗುರುತು. ಲಡಾಯಿ ಕಾಲದಾಗ ಮುಂಬಯಿ ನೇವಿಯೊಳಗ ಇದ್ದೆ. ಯಾವ ಹಾದ್ಯಾಗ ಮೈನ್ ಅನ್ನೋ ನೀರಬಾಂಬು ಐತಿ, ಯಾವ ಹಡಗಕ್ಕ ಎಷ್ಟು ಡೇಂಜರ್... ಅದನ್ನ ಅಳಿಯೋದೇ ನನ್ನ ಕೆಲಸ. ಈಗ ಸಿಂಧನೂರು ಗಿರಣಿ ಮೆಕ್ಯಾನಿಕ್ ಹೊನ್ನೂರಪ್ಪ, ಮಳಿಗಾಲದಿಂದ ದಿನಾ ಇದೇ ಹರಿಗೋಲಿನ್ಯಾಗ ಹೋಗಿ ಬರೋನು.

"ಎಲ್ಲಿಂದ ತಂದಿ ಇದನ್ನ?"

"ಲಿಂಗಸುಗೂರು ಸರ್ದಾರಬಿ ಗುಜರಿಯಿಂದ್ರೀ. ಹರಿಗೋಲು ಕಟ್ಟಾಕಂತ ಬ್ಯಾಸಿಗ್ಯಾಗ ತಳದ ಕಲ್ಲಿಗೆ ಸರಪಳಿ ಹಾಕಿ ಬಿಟ್ಟಿದ್ದೆ. ಮಳಿಗಾಲ ಪೂರಾ ಮುಳುಗಿತ್ತು."

"ಇದು ಹಡಗ ಒಡಿಯೋ ಬಾಂಬು! ಕೋಡು ಮುರಿದ್ರ ಮುಗೀತು!"

"ಕಾಯಿ ಒಡೀದ ಹರಿಗೋಲು ಹೆಂಗ ಬಿಡ್ಲಿ? ನನ್ನ ಹೊಟ್ಟಿಪಾಡ್ರೀ ಇದು!"

ಮಂದೀನ ದಂಡಿಗೆ ಇಳಿಸಿ ದೂರ ಅಟ್ಟಿದೆ. ನಟ್ಟು ಬಿಚ್ಚೋ ಪಾನಾ ಹಲ್ಲಾಗ ಕಚ್ಚಿ ಈಜಿದೆ.

ಕೆಳಗ ಕೈ ಹಾಕಿದೆ. ಸರಪಳಿ ಸಡ್ಲ! ಹೋದ ಜೀವ ಬಂತು.

ಇದರಾಗೊಂದು ಸ್ವಿಚ್ ಇರತೈತಿ. ಸರಪಳಿ ಬಿಗಿದ್ರ ಎಚ್ಚರ. ಸಡ್ಲಾದ್ರ ನಿದ್ದಿ. ಹೊಳಿ ಇಳದಿತ್ತು, ಗುಂಡು ಮಲಗಿತ್ತು. ಆದ್ರ ತುಕ್ಕು ಹಿಡದ ಸ್ವಿಚ್ಚನ್ನ ಯಾವ ಮಗ ನಂಬತಾನ?

ಒಂದು ಕೋಡು ಬಿಚ್ಚಿದೆ... ಎರಡು... ಐದು!

ದಂಡಿಗೆ ಬಂದು ಮೀಸಿ ತಿರುವಿದೆ. "ನೋಡಬೇ, ಜೀವ ಉಳಿಸಿದ್ದು ನನ್ನ ಪಾನಾ. ನಿನ್ನ ಕಾಯಿಗೀಯಿ ಅಲ್ಲ! ಹಂಗ ನೋಡಿದ್ರ ಇವತ್ತು ಡೇಂಜರ್ ಕಮ್ಮಿನೇ ಇತ್ತು."

"ಜಾಸ್ತಿ ಯಾವಾಗಿತ್ರೀ?"

"ಮಳಿಗಾಲದಾಗ. ಹೊಳಿ ತುಂಬಿ, ಸರಪಳಿ ಬಿಗಿದು, ಗುಂಡು ನೀರಿನ ಕೆಳಗ ಮೊಳದಷ್ಟು..."

"ಅಯ್ಯ ಶಿವನ! ಮೂರು ತಿಂಗಳು ಅದರ ಮ್ಯಾಲೇ ಹರಿಗೋಲು ಹಾಕೀನಲ್ರೀ. ಹೋಗತಾ ಒಮ್ಮೆ, ಬರತಾ ಒಮ್ಮೆ, ಒಬ್ರು ದಿನಾ ನಡುವ ನಿಂತು ಬೀಡಿ ಸೇದತಿದ್ರು. ಯಾರ್ರೀ ಅವರು?"

ನಾನೇ!

ದಂಡಿ ಕಲ್ಲಿನ ಮಗ್ಗಲಾಗ ಕುಕ್ಕರಿಸಿದೆ.

"ಆ ಕಾಯಿ ಇಲ್ಲಿ ಕೊಡಬೇ... ಮೊದಲು ನಂದು. ನಿಂದು ಆಮ್ಯಾಲ ಒಡೀವಂತಿ!"