ಕಾಮಣ್ಣನಿಗೆ ಸಂದ ಗ್ಯಾಲರಿ

೧೯೫೭ರ ಮಾರ್ಚ್ ೧೪, ಗುರುವಾರ ಸಂಜೆ ಆರು ಗಂಟೆಗೆ ನೀಲಗಂಗವ್ವ ಬೆಟಗೇರಿ ಠಾಣೆಗೆ ಬಂದಾಗ ಅವಳಿಗೆ ಕೂರಲು ಬೆಂಚು ಇರಲಿಲ್ಲ. ಆ ವಾರದ ಮೊದಲಿಗೇ ಅದು ವರಾಂಡದಿಂದ ಮಾಯವಾಗಿತ್ತು. ಠಾಣೆಯ ಬೆಂಚಿಗೇ ಕೈಹಾಕುವ ಗಂಡು ಯಾರೆಂದು ಸಬ್ ಇನ್‌ಸ್ಪೆಕ್ಟರ್ ಕೆಂಪನಂಜಯ್ಯ ಎಷ್ಟು ಕೂಗಾಡಿದರೂ ಹೆಡ್ ಕಾನ್‌ಸ್ಟೇಬಲ್ ಮೌಲಾಸಾಬ ಮಾತ್ರ "ಸಿಗತೈತ್ರಿ ಸಾಹೇಬ್ರ" ಎಂದು ಮೀಸೆಯಲ್ಲೇ ನಕ್ಕು ಜಾರಿಕೊಂಡಿದ್ದ.

ಕೆಂಪನಂಜಯ್ಯ ನಂಜನಗೂಡಿನ ಕಡೆಯವನು. ಹಿಂದಿನ ನವೆಂಬರಿನಲ್ಲಿ ಕನ್ನಡ ಸೀಮೆಯೆಲ್ಲ ಒಂದು ರಾಜ್ಯವಾದ ಮೇಲೆ ಇತ್ತ ವರ್ಗವಾಗಿ ಬಂದಿದ್ದ. ಜೋಳದ ರೊಟ್ಟಿ ಹಲ್ಲಿಗೆ ಒಗ್ಗಿತ್ತು, ಊರಿನ ರೀತಿ ಇನ್ನೂ ಒಗ್ಗಿರಲಿಲ್ಲ.

"ಹೇಳಮ್ಮ," ಎಂದ.

"ಕಾಳಪ್ಪ ಬಡಿಗೇರನ ಮ್ಯಾಲ ಬರಕೋರಿ. ಅವ ಕಟ್ಟಿದ ಗ್ಯಾಲರಿ ಬಿದ್ದು ನಮ್ಮ ಮನಿಯವರು ಎಚ್ಚರಿಲ್ದ ದವಾಖಾನ್ಯಾಗ ಮಲಗ್ಯಾರ."

ನಡೆದದ್ದು ಊರಿಗೆಲ್ಲ ಗೊತ್ತಿತ್ತು. ರಾಜ್ಯ ಒಂದಾದ ಖುಷಿಗೆಂದು ಅಂದು ಮಧ್ಯಾಹ್ನ ದೊಡ್ಡ ಕುಸ್ತಿ ಇಟ್ಟಿದ್ದರು. ಶಿರಹಟ್ಟಿಯ ತಿರಕಪ್ಪ ಮೈಸೂರಿನ ಪೈಲ್ವಾನನನ್ನು ಚಿತ್ ಮಾಡಿದ. ಮರದ ಗ್ಯಾಲರಿಯಲ್ಲಿದ್ದವರೆಲ್ಲ ಒಂದೇ ಏಟಿಗೆ ಎದ್ದು ಕುಣಿದರು. ಗ್ಯಾಲರಿ ಒಂದು ಪಕ್ಕಕ್ಕೆ ವಾಲಿ ಕುಳಿತುಬಿಟ್ಟಿತು. ಕೈಕಾಲು ಮುರಿದುಕೊಂಡವರು ಹಲವರು. ನೀಲಗಂಗವ್ವನ ಗಂಡ, ಬಟ್ಟೆ ವ್ಯಾಪಾರಿ ದೇವೇಂದ್ರಪ್ಪನ ತಲೆಗೆ ಪೆಟ್ಟಾಗಿತ್ತು. ಅವನ ಜೀವ ಹೋದರೆ ಪ್ರಕರಣದ ಕಲಮೂ ಬದಲಾಗಿ ಕಾಳಪ್ಪ ಜೈಲಿಗೆ ಹೋಗಬೇಕಾಗುತ್ತಿತ್ತು. ಆಮೇಲೆ ಅವನ ಕೈಯಿಂದ ಯಾರೂ ತೊಟ್ಟಿಲು ಕೂಡ ಮಾಡಿಸುತ್ತಿರಲಿಲ್ಲ.

ಹೇಳಿಕಳಿಸುವ ಮೊದಲೇ ಕಾಳಪ್ಪ ಬಂದು ಬಾಗಿಲಲ್ಲಿ ನಿಂತಿದ್ದ.

"ಕಟ್ಟಿದ್ದು ನೀನೇನಯ್ಯಾ?"

"ನಾನರಿ."

"ಯಾಕೆ ಬಿತ್ತು?"

"ನಂದ ತಪ್ಪರಿ. ಒಳಗ ಹಾಕ್ರಿ."

ಕಾರಣ ಹೇಳದೆ ತಪ್ಪೊಪ್ಪಿಕೊಳ್ಳುವವನನ್ನು ಕೆಂಪನಂಜಯ್ಯ ನಂಬುತ್ತಿರಲಿಲ್ಲ. ಎಫ್‌ಐಆರ್ ಬರೆದು, ಕಾಳಪ್ಪನನ್ನು ಠಾಣೆಯಲ್ಲೇ ಇರಿಸಿಕೊಂಡ.

ಶುಕ್ರವಾರ ಬೆಳಿಗ್ಗೆ ಏಳಕ್ಕೆ ಪಂಚರ ಎದುರು ಪಂಚನಾಮೆ ನಡೆಯಿತು. ಕೂರುವ ಹಲಗೆಗಳು ಇದ್ದವು, ಕಂಬಗಳು ಇದ್ದವು. ಕಂಬದಿಂದ ಕಂಬಕ್ಕೆ ಓರೆಯಾಗಿ ಬಡಿಯುವ ಆಸರೆ ಪಟ್ಟಿಗಳು ಮಾತ್ರ ಒಂದೂ ಇರಲಿಲ್ಲ. ಕಂಬಗಳಲ್ಲಿ ಮೊಳೆ ಕಿತ್ತ ತೂತುಗಳು ಮಾತ್ರ ಉಳಿದಿದ್ದವು. ಯಾರೋ ಸಮಾಧಾನವಾಗಿ ಕಿತ್ತಿದ್ದರು.

"ಕಳ್ಳತನ," ಎಂದ ಕೆಂಪನಂಜಯ್ಯ.

ಮೌಲಾಸಾಬ ಕೆಮ್ಮಿದ. "ಕಳವು ಅನಬ್ಯಾಡ್ರಿ ಸಾಹೇಬ್ರ."

"ಮತ್ತೇನನ್ನಲಿ?"

"ಕಾಮಣ್ಣಗ ಹೋಗ್ಯಾವ್ರಿ."

ನಿಂತಲ್ಲೇ ಮೌಲಾಸಾಬ ಸಾಹೇಬರಿಗೆ ಪಾಠ ಹೇಳಿದ. ಹೋಳಿ ಹುಣ್ಣಿವೆಗೆ ಓಣಿಗೊಂದು ಕಾಮಣ್ಣನನ್ನು ಸುಡುತ್ತಾರೆ. ಅದಕ್ಕೆ ಕಟ್ಟಿಗೆ, ಸಗಣಿಯ ಕುಳ್ಳು, ಮುರುಕು ಬಾಗಿಲು, ಏನು ಸಿಕ್ಕರೂ ಕದ್ದೇ ತರಬೇಕು. ಕೇಳಿ ತಂದದ್ದು ಕಾಮಣ್ಣನಿಗೆ ಸಲ್ಲುವುದಿಲ್ಲ. ಕಳಕೊಂಡವರು ಬೈಯಬಾರದು, ಒಯ್ದವರ ಹೆಸರು ಹೇಳಬಾರದು.

"ಸುಡೋದು ಯಾವತ್ತು?"

"ಇವತ್ತ ರಾತ್ರಿರಿ."

ಕೆಂಪನಂಜಯ್ಯ ಟೋಪಿ ಸರಿಮಾಡಿಕೊಂಡ. ಪಟ್ಟಿ ಸುಟ್ಟರೆ ಸಾಕ್ಷಿಯೂ ಸುಟ್ಟಂತೆ, ಜೊತೆಗೆ ಕಾಳಪ್ಪನೂ.

ಮೊದಲ ಓಣಿಯಲ್ಲಿ ಗಾಳೆಪ್ಪ ಎಂಬ ಹಿರಿಯ ಕಟ್ಟಿಗೆ ರಾಶಿ ಕಾಯುತ್ತ ಕುಳಿತಿದ್ದ. ಪಟ್ಟಿ ಮೇಲೆಯೇ ಕಾಣುತ್ತಿತ್ತು.

"ಯಾರು ತಂದದ್ದು?"

"ನಾವರಿ. ಒಂದ ತಂದೇವಿ. ಒಂದ ತಗದ್ರ ಗ್ಯಾಲರಿ ಬೀಳತೈತೇನ್ರಿ?"

ಎರಡನೆಯ ಓಣಿಯ ಮೂಕಪ್ಪ, ಹೆಸರಿಗೆ ಮೂಕ, ಮಾತಿಗೆ ಕೊನೆಯಿಲ್ಲ. ಅವನೂ ಕೊನೆಗೆ ಹೇಳಿದ್ದು ಅದನ್ನೇ: "ಒಂದ ರಿ." ಮುಂದಿನ ಓಣಿಯಲ್ಲೂ ಒಂದೇ, ಅದರ ಮುಂದಿನದರಲ್ಲೂ ಒಂದೇ. ಹನಿಹನಿ ಗೂಡಿದರೆ ಹಳ್ಳ ಎಂಬ ಗಾದೆ ಎಲ್ಲರಿಗೂ ಬರುತ್ತಿತ್ತು. ತಮ್ಮದೂ ಒಂದು ಹನಿ ಎಂದು ಮಾತ್ರ ಯಾರಿಗೂ ಅನಿಸಿರಲಿಲ್ಲ.

"ನಿಮ್ಮ ಒಂದರಿಂದ ಬೀಳಲಿಲ್ಲ, ಸರಿ. ಹಾಗಾದ್ರೆ ಯಾರ ಒಂದರಿಂದ ಬಿತ್ತು?" ಎಂದು ಕೆಂಪನಂಜಯ್ಯ, ಹಿಂದೆಯೇ ಬಂದಿದ್ದ ಗಾಳೆಪ್ಪನನ್ನೂ ಓಣಿಯವರನ್ನೂ ಕೇಳಿದ. "ಕಾಳಪ್ಪ ಎಲ್ಲಾ ನಂದೇ ತಪ್ಪು ಅಂತ ಕೂತಿದ್ದಾನೆ, ಗೊತ್ತಾ?" ಎಂದದ್ದಕ್ಕೆ ಗಾಳೆಪ್ಪ ಹೆಗಲ ಮೇಲಿನ ವಲ್ಲಿಯನ್ನು ತೆಗೆದು ಕೈಯಲ್ಲಿ ಹಿಡಿದುಕೊಂಡ. ಅದು ಅವನಿಗೆ ಗೊತ್ತಿರಲಿಲ್ಲ.

ಒಂದು ಓಣಿಯ ಬಾಯಲ್ಲಿ ಮೌಲಾಸಾಬನ ಕಾಲು ತಡೆಯಿತು. "ಇದ ನಮ್ಮ ಓಣಿರಿ," ಎಂದ. ಅಲ್ಲಿನ ರಾಶಿಯಲ್ಲಿ ಒಂದು ಪಟ್ಟಿ ಇತ್ತು. ಅದರ ಕೆಳಗೆ ನಾಲ್ಕು ಕಾಲು ಮೇಲೆ ಮಾಡಿಕೊಂಡು ಠಾಣೆಯ ಬೆಂಚು ಮಲಗಿತ್ತು.

"ಮೌಲಾಸಾಬ್ರೇ."

"ಕಾಮಣ್ಣಗ ಜಾತಿನೂ ಇಲ್ಲ, ಖಾತೆನೂ ಇಲ್ಲರಿ ಸಾಹೇಬ್ರ," ಎಂದ ಮೌಲಾಸಾಬ, ತಲೆ ತಗ್ಗಿಸಿ. ಕೆಂಪನಂಜಯ್ಯನಿಗೆ ಬಂದ ಸಿಟ್ಟು ಅರ್ಧ ದಾರಿಯಲ್ಲೇ ನಗುವಾಯಿತು. ಬೆಂಚು ಠಾಣೆಗೆ ವಾಪಸಾಯಿತು. ಪಟ್ಟಿಗಳನ್ನು ಸುಡಕೂಡದೆಂದು ಓಣಿಗಳಿಗೆಲ್ಲ ತಾಕೀತಾಯಿತು.

ಕಾಳಪ್ಪನನ್ನು ಮತ್ತೆ ಕರೆಸಿದ.

"ಪಟ್ಟಿ ಹೋಗಿದ್ದು ಗೊತ್ತಿತ್ತಾ?"

"ಮಂಗಳವಾರ ಒಂದ ಇರಲಿಲ್ರಿ. ನಕ್ಕ ಬಿಟ್ಟೆ. ಹೊಸಾದು ಬಡದ್ರ ಅದನ್ನೂ ಒಯ್ತಾರ. ಕುಸ್ತಿ ದಿನ ಮುಂಜಾನಿ ನೋಡಿ ಬಡೀಬೇಕಂತಿದ್ದೆ."

"ಬಡಿದೆಯಾ?"

"ಇಲ್ರಿ. ತಿರಕಪ್ಪ ಮೈಗೆ ಎಣ್ಣಿ ತಿಕ್ಕೊಳ್ಳಾಕತ್ತಿದ್ದ. ನೋಡ್ಕೋತ ನಿಂತಬಿಟ್ಟೆ."

"ಇದನ್ನ ನಿನ್ನೆ ಯಾಕೆ ಹೇಳಲಿಲ್ಲ?"

"ಕಾಮಣ್ಣನ ಕಟಿಗಿ ಸಲುವಾಗಿ ಓಣಿ ಮಂದೀನ ಠಾಣೇಕ ಎಳೀಲೇನ್ರಿ?"

ಹನ್ನೆರಡೂವರೆಗೆ ದವಾಖಾನೆಯಿಂದ ಖಬರು ಬಂತು. ದೇವೇಂದ್ರಪ್ಪನಿಗೆ ಎಚ್ಚರವಾಗಿದೆ, ಜೀವಕ್ಕೆ ಅಪಾಯವಿಲ್ಲ. ಕೆಂಪನಂಜಯ್ಯ ಓಡಿದನೆಂದೇ ಹೇಳಬೇಕು. ನೀಲಗಂಗವ್ವ ಒಂದೇ ಸೆರಗಿನಲ್ಲಿ ಅಳುವನ್ನೂ ನಗುವನ್ನೂ ಒರೆಸಿಕೊಳ್ಳುತ್ತಿದ್ದಳು.

"ಎದ್ದವರು ಕೇಳಿದ್ದೇನ ಗೊತ್ತೇನ್ರಿ? ನಮ್ಮ ಓಣಿ ಕಾಮಣ್ಣ ಎಷ್ಟ ಎತ್ತರ ಆಗ್ಯಾನಂತ."

ತಲೆಗೆ ಪಟ್ಟಿ ಸುತ್ತಿಕೊಂಡ ದೇವೇಂದ್ರಪ್ಪ ಪೊಲೀಸರನ್ನು ಕಂಡು ಕಣ್ಣು ಮುಚ್ಚಿದ. ಕೆಂಪನಂಜಯ್ಯ ಕಾದ. ಒಂದು ಕಣ್ಣು ತೆರೆಯಿತು.

"ಕಾಳಪ್ಪನ್ನ ಬಿಡ್ರಿ ಸಾಹೇಬ್ರ. ಕಡೀ ಪಟ್ಟಿ ನಮ್ಮ ಅಂಗಡಿ ಹಿಂದ ಐತಿ."

"ಯಾರು ತಂದದ್ದು?"

"ನಾನ. ಬುಧವಾರ ಸಂಜಿಮುಂದ."

"ಎಲ್ಲಿಂದ?"

"ನಾ ಕುಂಡ್ರೂ ಜಾಗಾದ ಬುಡದಿಂದರಿ. ಉಳಿದದ್ದು ಅದೊಂದ ಇತ್ತು."

"ಅಯ್ಯ ಶಿವನ," ಎಂದಳು ನೀಲಗಂಗವ್ವ. "ನಾ ಆ ಬಡಿಗೇರನ ಮ್ಯಾಲ ಫಿರ್ಯಾದಿ ಕೊಟ್ಟ ಬಂದೇನಲ್ಲರಿ."

ಒಂದೂಕಾಲಿಗೆ, ಮಲಗಿದ ಮಂಚದ ಮೇಲೆಯೇ, ದೇವೇಂದ್ರಪ್ಪನ ಬಂಧನವಾಯಿತು. ಜಾಮೀನಿಗೆ ಯಾರೆಂದು ಕೇಳಿದಾಗ ನೀಲಗಂಗವ್ವ ಕೈ ಎತ್ತಿದಳು. ಫಿರ್ಯಾದಿಯೂ ಅವರೇ, ಜಾಮೀನೂ ಅವರೇ ಆದರೆ ಹೇಗೆ ಬರೆಯುವುದೆಂದು ಮೌಲಾಸಾಬ ತಲೆ ಕೆರೆದುಕೊಂಡ.

ಸಂಜೆ ಐದಕ್ಕೆ ಹೋಳಿಯ ಹಲಗೆ ಬಾರಿಸುವ ಸದ್ದು ಕೇಳಿಸಿತು. ಓಣಿ ಓಣಿಯ ಹಿರಿಯರು ಹೆಗಲ ಮೇಲೆ ತಮ್ಮ ತಮ್ಮ ಪಟ್ಟಿ ಹೊತ್ತು, ಹಾಡುತ್ತ, ಠಾಣೆಯ ಅಂಗಳ ತುಂಬಿದರು. ಕದ್ದದ್ದನ್ನು ಹೊತ್ತು ಹಗಲಲ್ಲಿ ಮೆರವಣಿಗೆ ಬಂದದ್ದನ್ನು ಬೆಟಗೇರಿ ಅಂದೇ ಮೊದಲು ಕಂಡದ್ದು.

"ನಮ್ಮ ಹೆಸರೂ ಬರಕೋರಿ," ಎಂದ ಗಾಳೆಪ್ಪ. "ಎಲ್ಲಾರದೂ ತಪ್ಪೈತಿ ಅಂತ ಒಂದ ಮಾತ ಬರದ್ರ ಆತು."

"ಎಲ್ಲಾರದೂ ಅಂದ್ರೆ ಯಾರದ್ದೂ ಅಲ್ಲ ಅಂತಾಗತ್ತೆ," ಎಂದ ಕೆಂಪನಂಜಯ್ಯ. "ಹಂಗೆ ಬರೆಯೋಕೆ ನನಗೆ ಬರಲ್ಲ. ಒಬ್ಬೊಬ್ಬರಾಗಿ ಬನ್ನಿ. ನಿಮ್ಮ ಹೆಸರು, ನಿಮ್ಮ ಪಟ್ಟಿ."

ಒಬ್ಬೊಬ್ಬರಾಗಿ ಬಂದರು. ಮೂಕಪ್ಪ ಕೂಡ ಹೆಸರು ಹೇಳಿ ಸುಮ್ಮನಾದ. ಮೌಲಾಸಾಬ ತನ್ನ ಹೆಸರನ್ನು ತಾನೇ ಬರೆದ. ಕೊನೆಗೆ ಕಾಳಪ್ಪ ನಿಂತ. ಅವನ ಹೆಸರಿನ ಮುಂದೆ ಕೆಂಪನಂಜಯ್ಯ ಅವನ ಪಾಲಿನಷ್ಟನ್ನೇ ಬರೆದ: ಒಂದು ಹೋದದ್ದು ಕಂಡೂ ಬಡಿಯಲಿಲ್ಲ. ಗಾಳೆಪ್ಪ ಕಾಳಪ್ಪನ ಹೆಗಲ ಮೇಲೆ ಕೈಯಿಟ್ಟು, "ನಮ್ಮ ಮೊಮ್ಮಗಗ ತೊಟ್ಲಾ ಆಗಬೇಕೋ," ಎಂದ. ಎಲ್ಲರಿಗೂ ಜಾಮೀನಾಯಿತು.

ಪಟ್ಟಿಗಳೆಲ್ಲ ಸಾಕ್ಷಿಯಾಗಿ ಠಾಣೆಯಲ್ಲಿ ಉಳಿದದ್ದರಿಂದ ರಾಶಿಗಳು ಕುಗ್ಗಿದವು. ಈ ವರ್ಷ ಊರಿಗೆಲ್ಲ ಒಂದೇ ಕಾಮಣ್ಣ ಎಂದು ಅಂಗಳದಲ್ಲೇ ತೀರ್ಮಾನವಾಯಿತು.

ಉಳಿದವರೆಲ್ಲ ಹೋದ ಮೇಲೂ ಕಾಳಪ್ಪ ಅಂಗಳದಲ್ಲೇ ಇದ್ದ, ಜಾಮೀನಿನ ಕಾಗದಕ್ಕೆ ರುಜು ಹಾಕಲು ಬಂದಿದ್ದ ನೀಲಗಂಗವ್ವ ವರಾಂಡದಲ್ಲಿ ನಿಂತೇ ಇದ್ದಳು. ಕೆಂಪನಂಜಯ್ಯ ಬೆಂಚು ತೋರಿಸಿದ. ಅವಳು ಕೂತಳು.

"ಇಷ್ಟು ದೊಡ್ಡ ವ್ಯಾಪಾರಸ್ಥರು ಯಾಕಮ್ಮ ಹೀಗೆ ಮಾಡಿದ್ರು?"

"ನಮ್ಮ ಓಣ್ಯಾಗ ಎಲ್ಲಾ ಅಂಗಡಿಕಾರ್ರು. ವರ್ಸಾ ಕಟಿಗಿ ಕೊಂಡ ತಂದ ಸುಡ್ತಾರ. ರೊಕ್ಕದ ಕಾಮಣ್ಣ ಅಂತ ಊರೆಲ್ಲ ನಗತೈತ್ರಿ. ಸಾಯೂದ್ರಾಗ ಒಮ್ಮೆರ ಕದ್ದ ತಂದದ್ದು ಸುಡಬೇಕಂತಿದ್ರು. ಈಗ ಅದೂ ನಿಮ್ಮ ಹಂತೇಕ ಬಂತು."

ಕೆಂಪನಂಜಯ್ಯ ಬೆಂಚಿನ ಕಡೆ ನೋಡಿದ. ಆಮೇಲೆ, "ಕೇಳಿ ತಗೊಂಡದ್ದು ಸಲ್ಲಲ್ಲ, ಅಲ್ವೇನಮ್ಮ?" ಎಂದ.

"ಇಲ್ಲರಿ."

ಅವನು ಎದ್ದು ಒಳಗೆ ಹೋಗಿ, ಬಾಗಿಲಿಗೆ ಬೆನ್ನು ಹಾಕಿ, ಗೋಡೆಯ ಮೇಲಿನ ಹೊಸ ರಾಜ್ಯದ ನಕ್ಷೆಯನ್ನು ನೋಡುತ್ತ ನಿಂತ. ನಂಜನಗೂಡಿನಿಂದ ಗದಗ-ಬೆಟಗೇರಿಯವರೆಗೆ ಬೆರಳಾಡಿಸುತ್ತ ಬಹಳ ಹೊತ್ತು ನೋಡಿದ. ಹಿಂದೆ ಪಿಸುಮಾತು, ತಡೆದ ನಗು, ಮರ ನೆಲಕ್ಕೆ ತಾಗಿದ ಸಣ್ಣ ಸದ್ದು.

ಅವನು ತಿರುಗಿದಾಗ ವರಾಂಡದಲ್ಲಿ ಬೆಂಚು ಇರಲಿಲ್ಲ. ರಸ್ತೆಯಲ್ಲಿ ಅದರ ಒಂದು ತುದಿಯನ್ನು ನೀಲಗಂಗವ್ವ ಹಿಡಿದಿದ್ದಳು, ಇನ್ನೊಂದನ್ನು ಕಾಳಪ್ಪ.